ಬಿತ್ತನೆ ಬೀಜ ಕಡಲು ದಾಟಿದ್ದು

ಮಧು, ಕಾವ್ಯ, ನಾನು ಊರಿಗೆ ಮರಳಿದ ದಿನ ನೀವಿಬ್ಬರೂ ನನ್ನ ಚೀಲ ಬಿಚ್ಚುವುದಕ್ಕೂ ಬಿಡದೆ ಕೇಳಿದ ಪ್ರಶ್ನೆ ಒಂದೇ. "ಅಜ್ಜಿ, ವಿಡಿಯೋ ಗೇಮ್ ಮಾಡೋದ್ರಲ್ಲಿ ಜಪಾನ್ನೋರು ಜಾಣ್ರೋ, ಅಮೆರಿಕಾದೋರು ಜಾಣ್ರೋ?"

ಆಗ ನಾನು ಉತ್ತರ ಹೇಳದೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದೆ. ಅಜ್ಜಿಗೆ ಗೊತ್ತಿಲ್ಲ ಅಂದುಕೊಂಡಿರಿ. ಗೊತ್ತಿತ್ತು. ಆದರೆ ನನಗೆ ನಾಲ್ಕು ಜನರ ಎದುರು ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ನಮ್ಮೂರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದರಿಂದ ಬರೆಯಲು ಬರುತ್ತದೆ. ಹಾಗಾಗಿ ನಿಮ್ಮ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆದಿದ್ದೇನೆ.

ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಮರಗೆಲಸ ಮಾಡುವ ಇಮಾಮ್ ಸಾಬ್ರು ನಿಮಗೆ ಗೊತ್ತು, ನಿಮ್ಮಿಬ್ಬರ ತೊಟ್ಟಿಲು ಮಾಡಿದವರು. ಹೋದ ವರ್ಷ, ಅಂದರೆ ತೊಂಬತ್ತೇಳರ ಬೇಸಿಗೆಯಲ್ಲಿ, ಅವರ ಅಂಗಡಿಗೆ ಒಬ್ಬ ಜಪಾನಿ ಹೆಂಗಸು ಬಂದರಂತೆ. ಹೆಸರು ಮಿಚಿಕೊ. ಹೊಳೆದಡದ ಕಲ್ಲುಮಂಟಪದ ನೆಲದ ಮೇಲೆ ಹಿಂದಿನವರು ಆಟದ ಮನೆಗಳನ್ನು ಕೊರೆದಿದ್ದಾರಲ್ಲ, ಅವುಗಳ ಮೇಲೆ ಕಾಗದ ಹಾಸಿ ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಬಂದಿದ್ದರು. ಆಕೆ ಕೆಲಸ ಮಾಡುವ ಕಂಪನಿ ವಿಡಿಯೋ ಗೇಮ್ ತಯಾರಿಸುತ್ತದೆ. ನಾನಾ ದೇಶಗಳ ಹಳೆಯ ಮಣೆ ಆಟಗಳನ್ನೆಲ್ಲ ಒಂದೇ ಗೇಮಿನೊಳಗೆ ಸೇರಿಸುವುದು ಅವರ ಯೋಚನೆ. ಕೈಯಲ್ಲಿ ಹಿಡಿದು ಆಡುವ ಸಣ್ಣ ಯಂತ್ರಕ್ಕೆ ಜಪಾನಿನವರು ಮಾಡುವುದು, ಕಂಪ್ಯೂಟರಿಗೆ ಅಮೆರಿಕದಲ್ಲಿರುವ ಇನ್ನೊಂದು ಕಂಪನಿಯವರು ಮಾಡುವುದು.

ಇಮಾಮ್ ಸಾಬ್ರು ಆಕೆಯನ್ನು ಆಟೋದಲ್ಲಿ ಕೂರಿಸಿಕೊಂಡು ಪಾಂಡವಪುರ ದಾಟಿ ನಮ್ಮ ಮನೆ ಬಾಗಿಲಿಗೇ ತಂದು ಇಳಿಸಿದರು.

"ಅಮ್ಮಾ, ಇವ್ರು ಕಲ್ ಮ್ಯಾಲೆ ಕೂತ್ಕಂಡು ಗುಳಿ ಎಣಿಸ್ತಾವ್ರೆ. ಗುಳಿ ಎಣಿಸಿದ್ರೆ ಆಟ ಬತ್ತದಾ? ಚಲೋ ಅಂದೆ, ಆಟ ಇರೋದು ಚಿಕ್ಕತಾಯಮ್ಮೋರ ತಾವ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನಿಮ್ಮ ಸರೋಜತ್ತೆ ರಜಕ್ಕೆ ಬಂದಿದ್ದಳು. ಅವಳೇ ನನ್ನ ರಟ್ಟೆ ಹಿಡಿದು ಈಚೆಗೆ ಎಳೆದಳು. ಅಂದು ಸಂಜೆಯ ತನಕ ಮಿಚಿಕೊ ಜೊತೆ ಅಳಗುಳಿಮಣೆ ಆಡಿದೆ. ಹೋಗುವಾಗ ಆಕೆ, ನೀವು ನಮ್ಮಲ್ಲಿಗೂ ಅಮೆರಿಕಕ್ಕೂ ಬಂದು ಈ ಆಟ ತೋರಿಸಿಕೊಡಬೇಕು, ಮಗಳೂ ಜೊತೆಗೆ ಬರಲಿ ಎಂದರು. ನಾನು ತಮಾಷೆ ಅಂದುಕೊಂಡೆ. ಒಂದು ತಿಂಗಳಾದ ಮೇಲೆ ಕಾಗದ ಬಂತು.

ಆಟ ನಿಮಗೆ ಗೊತ್ತು. ಒಂದೊಂದು ಕಡೆಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ಐದು ಹುಣಸೆಬೀಜ. ಒಂದು ಗುಳಿಯದನ್ನು ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಬಿಡುತ್ತಾ ಹೋಗಿ ಎದುರಾಳಿಯ ಬೀಜ ಗೆಲ್ಲುವುದು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆ ಇದೆ. ನಾನು ಹುಟ್ಟಿದ್ದು ಮಳೆ ನಂಬಿದ ನಾಗಮಂಗಲದ ಬೆದ್ದಲು ಸೀಮೆ. ಮದುವೆಯಾಗಿ ಈ ನಾಲೆ ಬಯಲಿಗೆ ಬಂದಾಗ ನನ್ನ ಅತ್ತೆ ದಿನಾ ಮಧ್ಯಾಹ್ನ ಮಣೆ ಹಾಕುತ್ತಿದ್ದರು. ದಿನಾ ನಾನು ಸೋತು ಬರಿಗೈಯಾಗುತ್ತಿದ್ದೆ. ಆಗ ಅತ್ತೆ ತಾವು ಗೆದ್ದ ರಾಶಿಯಿಂದ ಐದು ಬೀಜ ತೆಗೆದು ನನ್ನ ಅಂಗೈಗೆ ಹಾಕುತ್ತಿದ್ದರು.

"ತಕ್ಕೋ ಅಮ್ಮಿ, ಬಿತ್ತನೆ. ಕಣಜ ಗುಡಿಸಿ ಹೊತ್ಕಂಡೋದ್ರೂ ಬಿತ್ತನೆ ಬುಟ್ಟೋಗ್ಬೇಕು. ಇಲ್ದಿದ್ರೆ ನಾಳೀಕೆ ಯಾರ ಕುಟ್ಟೆ ಆಡೀಯೆ?"

ಐದು ಬೀಜವೆಂದರೆ ಒಂದು ಗುಳಿ ತುಂಬುತ್ತದೆ. ಒಂದು ಗುಳಿ ತುಂಬಿದರೆ ಆಟ ಮತ್ತೆ ಶುರು.

ನಿಮ್ಮ ತಾತ ತೀರಿಕೊಂಡ ವರ್ಷ ನಾನು ಮೂಲೆ ಹಿಡಿದು ಕೂತಿದ್ದೆ. ಅತ್ತೆಗೆ ಮಗ ಹೋಗಿದ್ದ. ಒಂದು ದಿನ ಅವರು ಮಣೆ ತಂದು ನನ್ನ ಮುಂದಿಟ್ಟು, ಐದು ಬೀಜ ಕೈಗೆ ಹಾಕಿದರು. ಅಂದು ನಾವು ಆಡಲಿಲ್ಲ. ಬೀಜ ಹಿಡಿದುಕೊಂಡು ಕೂತಿದ್ದೆ, ಅಷ್ಟೆ.

ಅದಕ್ಕೇ ಹೊರಡುವ ಮುನ್ನ ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡೆ. ಆಟ ಕಡಲಾಚೆ ಹೋಗುವುದಾದರೆ ಬಿತ್ತನೆಯ ಸಮೇತ ಹೋಗಬೇಕು. ಬಿತ್ತನೆ ಬಿಟ್ಟು ಹೋಗುವುದಾದರೆ ಹೋಗುವುದೇ ಬೇಡ.

ಇಮಾಮ್ ಸಾಬ್ರು ಹಲಸಿನ ಮರದಲ್ಲಿ ಮಡಿಸುವ ಮಣೆ ಮಾಡಿಕೊಟ್ಟರು. "ಫಿಕರ್ ಬ್ಯಾಡಿ ಅಮ್ಮಾ, ಇದು ಸಮುದ್ರದ್ ಮ್ಯಾಲೂ ಬಗ್ಗಾಕಿಲ್ಲ" ಎಂದರು. ನಾನು ಎಪ್ಪತ್ತು ಹುಣಸೆಬೀಜ ಆಯ್ದು, ತೊಳೆದು, ಒಣಗಿಸಿ ಬಟ್ಟೆಯಲ್ಲಿ ಕಟ್ಟಿಕೊಂಡೆ.

ಒಸಾಕಾ ವಿಮಾನ ನಿಲ್ದಾಣ

ಮದರಾಸಿನಿಂದ ಸಿಂಗಪುರ, ಅಲ್ಲಿಂದ ಒಸಾಕಾ. ವಿಮಾನದ ಬಗ್ಗೆ ನಾನು ಹೇಳುವುದೇನೂ ಇಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದೆ.

ಅಲ್ಲಿ ಸಾಮಾನು ನೋಡುವ ಅಧಿಕಾರಿಯೊಬ್ಬ ಬಿಳಿ ಕೈಗವಸು ಹಾಕಿಕೊಂಡು ನನ್ನ ಬಟ್ಟೆಗಂಟು ಬಿಚ್ಚಿದ. ಹುಣಸೆಬೀಜವನ್ನು ಬೆಳಕಿಗೆ ಹಿಡಿದು ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಇದೇನು ಅಂತವ್ನೆ ಕಣವ್ವ, ಏನಂತ ಹೇಳ್ಲಿ?" ಅಂದಳು ಸರೋಜ.

ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಮಾತು. "ಬಿತ್ತನೆ ಅನ್ನು" ಎಂದೆ.

ಅವಳು ಮೇಡಮ್ಮು, ಪದಕ್ಕೆ ಪದ ಹೇಳಿ ರೂಢಿ. ಬಿತ್ತುವುದಕ್ಕೆ ತಂದ ಬೀಜ ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಮುಗಿಯಿತು. ಹೊರದೇಶದ ಬೀಜ ಅವರ ಮಣ್ಣಿಗೆ ಬೀಳಬಾರದಂತೆ, ರೋಗ ಬರುತ್ತದಂತೆ. ಅವನು ಬಗ್ಗಿ ನಮಸ್ಕಾರ ಮಾಡಿ, ಎಪ್ಪತ್ತನ್ನೂ ಎಣಿಸಿ ಒಂದು ಚೀಲಕ್ಕೆ ಹಾಕಿ, ಮತ್ತೆ ಬಗ್ಗಿ ನಮಸ್ಕಾರ ಮಾಡಿ ಒಳಗೆ ತೆಗೆದುಕೊಂಡು ಹೋದ. ಮಣೆಯನ್ನು ಮಾತ್ರ ವಾಪಸು ಕೊಟ್ಟ. ಕಿತ್ತುಕೊಳ್ಳುವಾಗಲೂ ಇಷ್ಟು ಮರ್ಯಾದೆ ಕೊಡುವವರನ್ನು ನಾನು ನೋಡಿರಲಿಲ್ಲ.

"ಆಟದ ಕಾಯಿ ಅನ್ನಾಕೆ ಏನಾಗಿತ್ತವ್ವ ನಿಂಗೆ?"

"ನಾನು ಬಿತ್ತನೆ ಅಂದ್ರೆ ನೀನೂ ಬಿತ್ತನೆ ಅನ್ನಾದಾ? ಓದ್ದೋಳು ನೀನಾ ನಾನಾ?"

ಮಿಚಿಕೊ ನಮ್ಮನ್ನು ಕರೆದೊಯ್ಯಲು ಬಂದಾಗ ನಾವಿಬ್ಬರೂ ಮುಖ ಊದಿಸಿಕೊಂಡು ನಿಂತಿದ್ದೆವು.

ಒಸಾಕಾ, ತಾನಿಯವರ ಕೋಣೆ

ರೈಲಿನ ಕಿಟಕಿಯಲ್ಲಿ ಮನೆ, ಮನೆ, ಮನೆ. ಎರಡು ಮನೆ ನಡುವೆ ನಮ್ಮ ಕೊಟ್ಟಿಗೆಯಷ್ಟು ಜಾಗ ಸಿಕ್ಕಿದರೂ ಅದರಲ್ಲಿ ನೀರು ನಿಲ್ಲಿಸಿ ಭತ್ತ ನಾಟಿ ಮಾಡಿದ್ದರು. ಪೈರಿನ ಸಾಲು ದಾರ ಹಿಡಿದು ನೆಟ್ಟಂತೆ ನೆಟ್ಟಗೆ. ನಾನು ಸೀಟಿನಲ್ಲೇ ತಿರುಗಿ ತಿರುಗಿ ನೋಡಿದೆ. ಹಿಡಿಯಷ್ಟು ನೆಲ, ಅದರಲ್ಲಿ ಒಂದು ಬುಡವೂ ಸೊಟ್ಟಗಿಲ್ಲ.

ಕಂಪನಿಯ ಕೋಣೆಯೂ ಹಾಗೇ ಇತ್ತು. ಇಕ್ಕಟ್ಟು. ಮೇಜಿಗೆ ಮೇಜು ತಾಗಿಸಿ ಹತ್ತು ಹನ್ನೆರಡು ಜನ. ಗೋಡೆಯ ತುಂಬ ಗ್ರಾಫ್ ಹಾಳೆ. ಅಲ್ಲಿನ ಹಿರಿಯರ ಹೆಸರು ತಾನಿ. ನನ್ನಷ್ಟೇ ವಯಸ್ಸು, ನನ್ನಷ್ಟೇ ಮಾತು ಕಡಿಮೆ. ಅವರು ಜಪಾನಿಯಲ್ಲಿ ಹೇಳಿದ್ದನ್ನು ಮಿಚಿಕೊ ಇಂಗ್ಲಿಷಿಗೆ, ಇಂಗ್ಲಿಷನ್ನು ಸರೋಜ ಕನ್ನಡಕ್ಕೆ. ಒಂದು ಮಾತು ನನ್ನ ಕಿವಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು.

ಬೀಜ ಹೋಗಿತ್ತಲ್ಲ, ಅವರು ತಮ್ಮ ಆಟದ ಕಪ್ಪು ಬಿಳಿ ಕಲ್ಲುಬಿಲ್ಲೆಗಳನ್ನು ಕೊಟ್ಟರು. ಆಡಿ ತೋರಿಸಿದೆ. ಗೆಲ್ಲುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ತಾನಿ ಕೇಳಿದ ಮೊದಲ ಪ್ರಶ್ನೆ: "ಬೀಜ ಬಿಡುವಾಗ ಹೆಬ್ಬೆರಳು ಎಲ್ಲಿರುತ್ತದೆ?"

ನನಗೇ ಗೊತ್ತಿರಲಿಲ್ಲ. ಬಿಟ್ಟು ನೋಡಿದೆ. ಹಿಡಿಯೊಳಗಿಂದ ಹೆಬ್ಬೆರಳೇ ಒಂದೊಂದನ್ನು ತಳ್ಳುತ್ತದೆ. ನಲವತ್ತು ವರ್ಷ ಆಡಿದ್ದೇನೆ, ನನ್ನ ಹೆಬ್ಬೆರಳನ್ನು ನಾನು ನೋಡಿದ್ದು ಅಂದೇ.

ಆಮೇಲೆ ಸದ್ದು. ಕಲ್ಲು ಟಕ್ ಅನ್ನುತ್ತದೆ, ಹುಣಸೆಬೀಜ ಟಪ್ ಅನ್ನುತ್ತದೆ ಎಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು. ಮಾರನೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಮರದ ಗುಂಡಿ, ಪ್ಲಾಸ್ಟಿಕ್ ಮಣಿ, ಒಣಗಿದ ಕಾಳು, ಒಂದೊಂದನ್ನೇ ಮಣೆಗೆ ಬಿಟ್ಟು "ಇದಾ? ಇದಾ?" ಎಂದು ಕೇಳಿದರು. ಕೊನೆಗೆ ಒಬ್ಬ ಹುಡುಗಿ ತನ್ನ ಕೋಟಿನ ಹಳೆಯ ಗುಂಡಿ ಕಿತ್ತು ಬಿಟ್ಟಳು. ಟಪ್. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ದಿನವೆಲ್ಲ ಗುಂಡಿಯಿಲ್ಲದ ಕೋಟಿನಲ್ಲೇ ಓಡಾಡಿದಳು.

ಆ ಸಣ್ಣ ಯಂತ್ರದಲ್ಲಿ ಜಾಗ ಬಹಳ ಕಡಿಮೆಯಂತೆ. ಒಂದು ಬೀಜಕ್ಕೆ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚೌಕ, ಅಷ್ಟರಲ್ಲೇ ಹುಣಸೆಬೀಜ ಅನ್ನಿಸಬೇಕು. ಗ್ರಾಫ್ ಹಾಳೆಯಲ್ಲಿ ಒಂದೊಂದು ಚೌಕ ಬಣ್ಣ ತುಂಬಿ ದೂರ ಹಿಡಿದು ನೋಡುತ್ತಿದ್ದರು. ನನಗೆ ಅದು ಚುಕ್ಕಿ ಎಣಿಸಿ ರಂಗೋಲಿ ಹಾಕಿದಂತೆ ಕಂಡಿತು. ಬೀಜದ ಒಂದು ಮೂಲೆ ಸ್ವಲ್ಪ ಚಿವುಟಿದಂತೆ ಇರಬೇಕಲ್ಲ, ಅವರದರಲ್ಲಿ ಇರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಒಂದೇ ಒಂದು ಚೌಕ ಕಪ್ಪು ಮಾಡಿದೆ. ತಾನಿ ಹಾಳೆಯನ್ನು ದೂರ ಹಿಡಿದು ನೋಡಿ, ನನ್ನ ಕಡೆ ತಿರುಗಿ, ತಲೆ ಬಾಗಿಸಿದರು.

ಮೂರನೆಯ ದಿನ ಬಿತ್ತನೆಯ ಕಟ್ಟಳೆ ಹೇಳಿದೆ. ನಾನು ಒಂದೊಂದು ಮಾತು ಹೇಳಿದಾಗಲೂ ತಾನಿ "ಹಾಯ್, ಹಾಯ್" ಅನ್ನುತ್ತಿದ್ದರು. ಹಾಯ್ ಅಂದರೆ ಹೌದು ಎಂದು ಸರೋಜ ಹೇಳಿಕೊಟ್ಟಿದ್ದಳು. ಒಪ್ಪಿದರಲ್ಲ ಎಂದು ನನ್ನ ಮನಸ್ಸು ಹಗುರವಾಯಿತು. ಆಮೇಲೆ ಅವರು ಬಹಳ ಹೊತ್ತು ಮಾತಾಡಿದರು. ಮಿಚಿಕೊ ಅದನ್ನು ಹೇಳಿದರು, ಸರೋಜ ಅರ್ಧಂಬರ್ಧ ಕನ್ನಡ ಮಾಡಿದಳು. ಸಣ್ಣ ಯಂತ್ರ, ಮಕ್ಕಳು, ಆಟಕ್ಕೊಂದು ಕೊನೆ, ಹೀಗೆ ಏನೇನೋ ಬಂತು. ನಾನು ಕತೆ ಕೇಳುವಾಗ ಹೂಂಗುಟ್ಟುವ ಹಾಗೆ "ಹೂಂ... ಹೂಂ..." ಅನ್ನುತ್ತಾ ಕೂತಿದ್ದೆ. ಮಿಚಿಕೊ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಕ್ಯಾಲಿಫೋರ್ನಿಯ

ಅಮೆರಿಕದಲ್ಲಿ ವಿಮಾನ ಇಳಿದು ಕಾರಿನಲ್ಲಿ ಹೋಗುವಾಗ ನನಗೆ ಅಳು ಬಂತು. ದುಃಖಕ್ಕಲ್ಲ. ಎರಡೂ ಕಡೆ ಒಣಹುಲ್ಲಿನ ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಮರ. ಥೇಟ್ ನಾಗಮಂಗಲ. ನನ್ನಪ್ಪ ಈಗ ಆ ತಿರುವಿನಲ್ಲಿ ಕುರಿ ಹೊಡೆದುಕೊಂಡು ಬರಬಹುದು ಅನ್ನಿಸಿತು.

ಆ ಕಂಪನಿ ನಮ್ಮ ಅಕ್ಕಿ ಗಿರಣಿಯಷ್ಟು ದೊಡ್ಡ ಹಜಾರ. ಒಳಗೆ ಒಂದು ನಾಯಿ ಓಡಾಡುತ್ತಿತ್ತು, ಯಾರೂ ಅದನ್ನು ಅಟ್ಟಲಿಲ್ಲ. ಮುಖ್ಯಸ್ಥ ಯಾರು ಎಂದು ಹುಡುಕುತ್ತಿದ್ದೆ, ಚಡ್ಡಿ ಹಾಕಿಕೊಂಡು ನೆಲದ ಮೇಲೆ ಮಲಗಿದ್ದವನೇ ಎದ್ದು ಬಂದು ಕೈ ಕುಲುಕಿದ. ಹೆಸರು ಡ್ಯಾನ್. ಚಿಕ್ಕತಾಯಮ್ಮ ಎಂಬ ನನ್ನ ಹೆಸರು ಅವನ ನಾಲಿಗೆಗೆ ಹತ್ತಲಿಲ್ಲ. ಚಿಕ್ಕ ಬಿಟ್ಟ, ಅಮ್ಮ ಬಿಟ್ಟ, ನಡುವಿನದನ್ನು ಇಟ್ಟುಕೊಂಡ. "ತಾಯಿ" ಎಂದು ಕರೆದ. ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ. ನನಗೆ ಮಾತ್ರ ಅವನ ಮೇಲೆ ಆ ಕ್ಷಣದಿಂದ ಸಿಟ್ಟು ಮಾಡಲು ಆಗಲೇ ಇಲ್ಲ, ಸಿಟ್ಟು ಬರುವಂಥದ್ದು ಅವನು ಬೇಕಾದಷ್ಟು ಮಾಡಿದ.

ಮೊದಲನೆಯದು, ಆಡಲು ಕಾಯಿ ಬೇಕು ಅಂದರೆ ಬಣ್ಣಬಣ್ಣದ ಮಿಠಾಯಿ ಬಿಲ್ಲೆ ತಂದು ಸುರಿದ. ಎರಡನೆಯದು, ಗೆದ್ದ ಮಿಠಾಯಿಯನ್ನೆಲ್ಲ ಬಾಯಿಗೆ ಹಾಕಿಕೊಂಡ.

"ಅಯ್ಯೋ, ಕಾಯಿ ತಿಂತಾನಲ್ಲೇ!" ಎಂದೆ ಸರೋಜಳಿಗೆ.

"ಅವ್ನು ಗೆದ್ದವ್ನೆ, ತಿಂತಾನೆ. ನಿಂಗೂ ಬೇಕಾ?"

ನಮ್ಮ ಕಡೆ ಬಿತ್ತನೆ ಕಾಳನ್ನು ಬೇಯಿಸಿ ತಿನ್ನುವವನಿಗಿಂತ ಕಡೆ ಇನ್ನೊಬ್ಬನಿಲ್ಲ. ಇವನು ಅಗಿಯುತ್ತಾ, ನಗುತ್ತಾ, ತಟ್ಟನೆ ನಿಲ್ಲಿಸಿದ. "ತಾಳಿ, ತಿಂದರೆ ಕಾಯಿ ಕಡಿಮೆಯಾಗುತ್ತಾ ಹೋಗುತ್ತದೆ. ಇದೇ ಬೇರೆ ಆಟ!" ಎಂದು ಕಂಪ್ಯೂಟರಿನ ಮುಂದೆ ಕೂತ. ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತೆರೆಯ ಮೇಲೆ ಮಣೆ ಮೂಡಿತ್ತು. ಗೆದ್ದ ಬೀಜ ಮಾಯವಾಗುವ ಆಟ.

ಆಮೇಲೆ ಅವರ ಪ್ರಶ್ನೆಗಳು ನಿಲ್ಲಲಿಲ್ಲ. ಏಳೇ ಗುಳಿ ಯಾಕೆ? ಹದಿನೇಳಾದರೆ? ಮಣೆ ದುಂಡಗಾದರೆ? ಮೂರು ಜನ ಆಡಿದರೆ? ಹೆಬ್ಬೆರಳು ಎಲ್ಲಿರುತ್ತದೆ ಎಂದು ಒಬ್ಬನೂ ಕೇಳಲಿಲ್ಲ. ಒಂದು ಬೆಳಗಿನಲ್ಲಿ ಮೂರು ಆಟ ಹುಟ್ಟಿದವು, ಊಟದ ಹೊತ್ತಿಗೆ ಎರಡು ಸತ್ತವು. ಒಸಾಕಾದಲ್ಲಿ ಮೂರು ದಿನದಲ್ಲಿ ಹುಟ್ಟಿದ್ದು ಒಂದು ಬೀಜ, ಒಂದು ಸದ್ದು. ಆದರೆ ಅವುಗಳಲ್ಲಿ ಒಂದೂ ವ್ಯರ್ಥವಾಗಿರಲಿಲ್ಲ.

"ಮಾಡಿದ್ದನ್ನು ಬಿಸಾಕುವುದಕ್ಕೆ ಸಂಕಟವಾಗುವುದಿಲ್ಲವೇ?" ಎಂದು ಸರೋಜಳ ಕೈಲಿ ಡ್ಯಾನ್‌ನನ್ನು ಕೇಳಿಸಿದೆ.

ಇಲ್ಲವಂತೆ. ಆಡುವವರೇ ತಮಗೆ ಬೇಕಾದ ಹಾಗೆ ಗುಳಿ ಕೊರೆದುಕೊಳ್ಳುವಂತೆ ಮಾಡಿ ಕೊಟ್ಟುಬಿಡುತ್ತಾರಂತೆ. ನೂರು ಜನ ನೂರು ಥರ ಮಾಡಲಿ, ಚೆನ್ನಾಗಿರುವುದು ಉಳಿಯುತ್ತದೆ ಎಂದ.

ಅಂದು ನನಗೆ ನನ್ನಪ್ಪ ರಾಗಿ ಚೆಲ್ಲುತ್ತಿದ್ದದ್ದು ನೆನಪಾಯಿತು. ಬೆದ್ದಲಿನಲ್ಲಿ ನಾಟಿಯಿಲ್ಲ, ದಾರವಿಲ್ಲ. ಬೊಗಸೆ ತುಂಬ ತೆಗೆದು ಎರಚುವುದು. ಹಕ್ಕಿ ಒಂದಿಷ್ಟು, ಇರುವೆ ಒಂದಿಷ್ಟು ತಿನ್ನುತ್ತದೆ. ಒತ್ತಾಗಿ ಬಂದ ಕಡೆ ಆಮೇಲೆ ಕಿತ್ತು ಹಾಕುವುದು. ನಾಲೆ ಬಯಲಿಗೆ ಬಂದ ಹೊಸದರಲ್ಲಿ ನಾಟಿ ಸಾಲಿಗೆ ದಾರ ಹಿಡಿಯುವುದನ್ನು ಕಂಡು ನಾನು ನಕ್ಕಿದ್ದೆ. ನನ್ನ ಅತ್ತೆ ನಮ್ಮ ಕಡೆಯ ಎರಚುವುದನ್ನು ಕೇಳಿ ನಕ್ಕಿದ್ದರು. ಎರಡೂ ಕಡೆ ಜನ ಊಟ ಮಾಡಿದ್ದಾರೆ.

ಹೀಗೆ ಬರೆದೆನೆಂದು ಜಪಾನಿನವರೆಲ್ಲ ಹೀಗೆ, ಅಮೆರಿಕದವರೆಲ್ಲ ಹಾಗೆ ಅಂದುಕೊಳ್ಳಬೇಡಿ. ಒಸಾಕಾದ ಆ ಗುಂಡಿ ಕಿತ್ತ ಹುಡುಗಿ ತನ್ನ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಳಿಯಿಂದ ಗುಳಿಗೆ ಕಪ್ಪೆ ಹಾರುವ ಹುಚ್ಚು ಮಣೆಯೊಂದನ್ನು ಬರೆದಿಟ್ಟುಕೊಂಡಿದ್ದಳು, ತಾನಿಗೆ ತೋರಿಸಿರಲಿಲ್ಲ. ಡ್ಯಾನ್‌ನ ಹಜಾರದ ಮೂಲೆಯಲ್ಲಿ ಒಬ್ಬ ಹುಡುಗ ಹಲಸಿನ ಮರದ ಬಣ್ಣವೊಂದನ್ನೇ ವಾರದಿಂದ ಕಲಸುತ್ತಿದ್ದ. ನನ್ನ ಮಣೆಯನ್ನು ಮೂಸಿ ನೋಡಿದ ಕೂಡ.

ಹೊರಡುವ ಹಿಂದಿನ ದಿನ ಡ್ಯಾನ್ ಒಂದು ಫ್ಯಾಕ್ಸ್ ಹಾಳೆ ಹಿಡಿದುಕೊಂಡು ಬಂದ. "ತಾಯಿ, ನೀವು ಇಲ್ಲಿ ನಮಗೆ ಐದು ಬೀಜ ಕೊಡುವ ನಿಯಮ ಹೇಳಿದಿರಿ. ಒಸಾಕಾದಲ್ಲಿ ಅದನ್ನು ಬಿಡಲು ಒಪ್ಪಿದ್ದೀರಿ ಎಂದು ಇದರಲ್ಲಿ ಬರೆದಿದ್ದಾರೆ. ಯಾವುದು ಸರಿ?"

ಸರೋಜ ಓದಿ ಹೇಳಿದಳು. ಆಟಕ್ಕೆ ಒಂದು ಕೊನೆ ಬೇಕಾದ್ದರಿಂದ ಆ ನಿಯಮ ಕೈಬಿಟ್ಟಿದೆ, ಗುರುಗಳು ಒಪ್ಪಿದ್ದಾರೆ. ಗುರುಗಳು ಅಂದರೆ ನಾನೇ.

"ನಾನ್ಯಾವಾಗ್ಲೇ ಒಪ್ಪಿದ್ದು?"

"ಹೂಂ ಅಂದ್ಯಲ್ಲವ್ವ! ಅವ್ರು ಹೇಳ್ತಾ ಇದ್ರೆ ಹೂಂ, ಹೂಂ ಅಂತ ಕೂತಿದ್ಯಲ್ಲ!"

"ಕೇಳಿಸ್ಕತಾ ಇವ್ನಿ ಅಂತ ಹೂಂ ಅಂದೆ ಕಣೆ. ಅವ್ರೂ ಹಾಯ್ ಹಾಯ್ ಅಂದ್ರಲ್ಲ?"

"ಅವ್ರೂ ಕೇಳಿಸ್ಕತಾ ಇದ್ರು!"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ನೀನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದೆ. ಅವಳು ಫ್ಯಾಕ್ಸ್ ಹಾಳೆ ಮಡಿಸಿ ಮೇಜಿನ ಮೇಲಿಟ್ಟಳು.

"ನೀನು ಹುಟ್ಟಿದಾಗ್ಲಿಂದ ಯಾವುದಕ್ಕಾದ್ರೂ ಬ್ಯಾಡ ಅಂದಿದ್ದೀಯಾ ಅವ್ವ? ನಿನ್ ಹೂಂನಲ್ಲಿ ಯಾವ್ದು ಒಪ್ಪಿದ್ದು, ಯಾವ್ದು ಒಪ್ದೇ ಇದ್ದದ್ದು ಅಂತ ನಮ್ಗೆಂಗೆ ಗೊತ್ತಾಗ್ಬೇಕು?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆತ್ತಗೆ ಕೇಳಿದಳು, ಅದೇ ಕಷ್ಟವಾಯಿತು.

ಡ್ಯಾನ್‌ಗೆ ಇದೊಂದು ತೊಡಕೇ ಅಲ್ಲ. ತೆರೆಯ ಮೂಲೆಯಲ್ಲಿ ಲೈಟಿನ ಸ್ವಿಚ್ಚಿನಂಥದ್ದೊಂದು ಇಡುತ್ತೇನೆ, ಬಿತ್ತನೆ ಬೇಕಾದವರು ಹಾಕಿಕೊಳ್ಳಲಿ, ಬೇಡದವರು ಆರಿಸಲಿ ಎಂದ. ನನಗೆ ಸರಿಬರಲಿಲ್ಲ. ಕರುಣೆಗೂ ಸ್ವಿಚ್ಚು ಇರುತ್ತದೆಯೇ ಎಂದು ಕೇಳಿಸಿದೆ. ಅವನು ನಾಯಿಯ ತಲೆ ಸವರುತ್ತಾ ಯೋಚಿಸಿ ಹೇಳಿದ: "ಕೊಡಲೇಬೇಕು ಅಂತ ಯಂತ್ರವೇ ಕೊಡಿಸಿದರೆ, ಕೊಟ್ಟವರು ಯಾರು ತಾಯಿ? ಯಂತ್ರ ತಾನೇ?"

ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡು ಅದನ್ನೇ ಯೋಚಿಸುತ್ತಾ ಬಂದೆ. ನನ್ನ ಅತ್ತೆಗೆ ಯಾವ ಸ್ವಿಚ್ಚಿತ್ತು?

ಮತ್ತೆ ಒಸಾಕಾ

ವಾಪಸು ಬರುವಾಗ ಒಸಾಕಾದಲ್ಲಿ ಎರಡು ದಿನ ಉಳಿಯುವುದೆಂದು ಮೊದಲೇ ಗೊತ್ತಾಗಿತ್ತು. ಮಾಡಿದಷ್ಟನ್ನು ನನಗೆ ತೋರಿಸುವುದಿತ್ತು. ರೈಲಿನಲ್ಲೇ ಸರೋಜ, "ನಾನು ಮಿಚಿಕೊಗೆ ಹೇಳ್ಬುಡ್ತೀನಿ ಬುಡವ್ವ, ತಪ್ಪು ತಿಳ್ಕಂಡ್ರು ಅಂತ" ಅಂದಳು. ಇದು ನಾನೇ ಹೇಳಬೇಕಾದದ್ದು, ಬೇಡ ಎನ್ನಬೇಕು ಅನ್ನಿಸಿತು. ಅದೂ ಬಾಯಿಂದ ಬರಲಿಲ್ಲ, ತಲೆಯಾಡಿಸಿದೆ. ನನ್ನ ತಲೆಯಾಟವನ್ನು ಯಾವ ಕಡೆಗೆ ತಿಳಿದುಕೊಂಡಳೋ, ಸುಮ್ಮನಾದಳು.

ಹನ್ನೆರಡು ಜನ ಗೋಡೆಗೆ ಒರಗಿ ನಿಂತಿದ್ದರು. ಕಂಪನಿಯ ಇನ್ನೂ ದೊಡ್ಡವರೊಬ್ಬರು ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ತಾನಿ ಸಣ್ಣ ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಅಂಗೈ ಅಗಲದ ತೆರೆಯಲ್ಲಿ ನಮ್ಮ ಮಣೆ. ಎಂಟು ಚೌಕದ ಹುಣಸೆಬೀಜ, ನಾನು ಕಪ್ಪು ಮಾಡಿದ ಚೌಕ ಅದರಲ್ಲಿತ್ತು. ಒಂದು ಕೈ ಬಂದು ಬೀಜ ಬಿಡುತ್ತಿತ್ತು, ಹೆಬ್ಬೆರಳು ನನ್ನದೇ. ಟಪ್, ಟಪ್, ಟಪ್. ಇಷ್ಟು ಚೆನ್ನಾಗಿ ನನ್ನನ್ನು ಯಾರೂ ನೋಡಿರಲಿಲ್ಲ.

ತಾನಿ ಗುಂಡಿಗಳನ್ನು ಒತ್ತಿ ಆಟವನ್ನು ಕೊನೆಗೆ ತಂದರು. ತೆರೆಯೊಳಗೆ ಎದುರು ಕೂತಿದ್ದ ಪುಟ್ಟ ಹುಡುಗಿಯ ಗುಳಿಗಳೆಲ್ಲ ಬರಿದಾದವು. ಅವಳು ತಲೆ ತಗ್ಗಿಸಿದಳು. ತೆರೆ ಕಪ್ಪಾಯಿತು. ಗೆದ್ದವರಿಗೆ ವಾದ್ಯ ಮೊಳಗಿತು.

ಮಿಚಿಕೊ ನನ್ನ ಕಡೆ ತಿರುಗಿದರು. ಇಂಗ್ಲಿಷಿನಲ್ಲಿ ಕೇಳಿದ್ದು ನನಗೇ ಅರ್ಥವಾಯಿತು. ಸರಿಯಾಗಿದೆಯೇ?

ಹನ್ನೆರಡು ಜನರ ಕಣ್ಣು ನನ್ನ ಮೇಲೆ. ಇಷ್ಟು ಕಷ್ಟಪಟ್ಟಿದ್ದಾರೆ. ಕೋಟಿನ ಗುಂಡಿ ಕಿತ್ತಿದ್ದಾರೆ. ಹೂಂ ಅಂದರೆ ಮುಗಿಯಿತು, ಎಲ್ಲರೂ ನಗುತ್ತಾರೆ, ಊಟಕ್ಕೆ ಹೋಗುತ್ತೇವೆ. ಸರೋಜ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ನಿಂತಿದ್ದಳು.

"ಊಹೂಂ" ಎಂದೆ.

ಸರೋಜ ಇಂಗ್ಲಿಷ್ ಮಾಡಲು ಬಾಯಿ ತೆರೆದಳು. ಮಿಚಿಕೊ ಕೈ ಎತ್ತಿ ಬೇಡ ಎಂದರು. ಕೋಣೆಯಲ್ಲಿದ್ದ ಎಲ್ಲರಿಗೂ ಆಗಲೇ ತಿಳಿದುಹೋಗಿತ್ತು. ಅಲ್ಲಿಯೂ ಮನೆಯವರು ಮನೆಯವರೊಳಗೆ ಒಪ್ಪಿದರೆ ಊಂ, ಒಪ್ಪದಿದ್ದರೆ ಎಳೆದು ಊಊಂ ಅನ್ನುತ್ತಾರಂತೆ. ಮೂರು ಭಾಷೆ ದಾಟಿ ತಣ್ಣಗಾಗದೆ ಹೋದ ನನ್ನ ಮಾತು ಅದೊಂದೇ.

ಕೋಟಿನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಚೀಲದಿಂದ ಇಮಾಮ್ ಸಾಬ್ರ ಮಣೆ ತೆಗೆದು ನೆಲದ ಮೇಲೆ ಬಿಚ್ಚಿ, ತಾನಿಯ ಕಡೆ ಕೈ ತೋರಿದೆ. ಅವರು ಎದುರಿಗೆ ಬಂದು ಕೂತರು. ಕಲ್ಲುಬಿಲ್ಲೆಗಳಲ್ಲಿ ಆಡಿದೆವು. ನಾನು ನಾಚಿಕೆಯವಳು, ಆದರೆ ಮಣೆಯ ಮುಂದೆ ಅಲ್ಲ. ಅವರನ್ನು ಬರಿಗೈ ಮಾಡಿದೆ, ಒಂದು ಬಿಲ್ಲೆ ಉಳಿಸದೆ. ಅವರು ತಲೆ ಬಾಗಿಸಿ ಏಳಲು ಹೊರಟರು. ನಾನು ಅವರ ಮಣಿಕಟ್ಟು ಹಿಡಿದು ಕೂರಿಸಿದೆ. ಪರಪುರುಷನ ಕೈ ಹಿಡಿದೆನೆಂದು ಆಗ ಹೊಳೆಯಲೇ ಇಲ್ಲ. ಅಂಗೈ ಬಿಡಿಸಿ, ನನ್ನ ರಾಶಿಯಿಂದ ಐದು ಬಿಲ್ಲೆ ಒಂದೊಂದಾಗಿ ಹಾಕಿದೆ.

"ತಕ್ಕಳಿ. ಬಿತ್ತನೆ."

ಅವರು ಅಂಗೈ ನೋಡುತ್ತಲೇ ಕೂತರು. ಬೆರಳು ಮಡಿಸಿಕೊಂಡು ಏನೋ ಹೇಳಿದರು. ಮಿಚಿಕೊ, ಸರೋಜ, ಇಬ್ಬರನ್ನೂ ದಾಟಿ ಅದು ನನಗೆ ಬಂತು: "ಕೈಯಿಂದ ಬೀಳುವ ಬೀಜವನ್ನೇ ನೋಡುತ್ತಿದ್ದೆ. ಕೈಗೆ ಬೀಳುವುದನ್ನು ನೋಡಿರಲಿಲ್ಲ."

ಆಮೇಲೆ ಅವರು ಆ ಐದು ಬಿಲ್ಲೆಗಳನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. ಸದ್ದು ಹೇಗೆ, ಕೈ ಎಷ್ಟು ತಗ್ಗುತ್ತದೆ, ಕೊಡುವವರ ಕಣ್ಣು ಎಲ್ಲಿರುತ್ತದೆ. ನಮ್ಮ ಊಟ ಅಂದು ಸಂಜೆಗೆ ಹೋಯಿತು.

ಕೆ.ಆರ್. ಪೇಟೆ

ಇದಾಗಿ ಎಂಟು ತಿಂಗಳಿಗೆ ಎರಡು ಪೊಟ್ಟಣ ಬಂದವು. ಜಪಾನಿನ ಸಣ್ಣ ಯಂತ್ರವನ್ನು ನೀವಿಬ್ಬರೂ ಕಿತ್ತಾಡಿಕೊಂಡು ಆಡಿದಿರಿ. ಅದರಲ್ಲಿ ಸೋತವರ ಮುಂದೆ ಒಂದು ಕೈ ಬರುತ್ತದೆ, ಐದು ಬೀಜ ಹಾಕುತ್ತದೆ, ತಪ್ಪಿಸಲು ಆಗುವುದಿಲ್ಲ. ಎಷ್ಟು ಗುಂಡಿ ಒತ್ತಿದರೂ ಆ ಕೈ ತನ್ನಷ್ಟಕ್ಕೆ ತಾನು ನಿಧಾನವಾಗಿಯೇ ಬರುತ್ತದೆ. ನಿಮ್ಮಪ್ಪ ಮಾಕವಳ್ಳಿ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದವನು ಅದನ್ನು ನೋಡಿ, "ಇದು ನಮ್ಮಜ್ಜಿ ಕೈ ಕಣ್ರೋ" ಎಂದ. ಅವನ ಅಜ್ಜಿ ಅಂದರೆ ನನ್ನ ಅತ್ತೆ.

ಅಮೆರಿಕದ್ದು ಕಂಪ್ಯೂಟರಿನದು. ಅದಕ್ಕಾಗಿ ಕಿಕ್ಕೇರಿ ಬಸ್ಸು ಹತ್ತಿ ಕೆ.ಆರ್. ಪೇಟೆಗೆ, ಸರೋಜತ್ತೆಯ ಶಾಲೆಗೆ ಹೋದೆವು. ತೆರೆಯ ಮೂಲೆಯಲ್ಲಿ ಸ್ವಿಚ್ಚು ಇಟ್ಟಿದ್ದ ಡ್ಯಾನ್, ಹೇಳಿದ ಹಾಗೆಯೇ. ಅದರ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಸರೋಜ ಓದಿ ಹೇಳಿದಳು: ತಾಯಿ.

ಆಟ ತೆರೆದ ಕೂಡಲೇ ಅದು ಹಾಕಿಯೇ ಇರುತ್ತದೆ. ಮೊದಲ ದಿನವೇ ಅದನ್ನು ಆರಿಸಿದ್ದು ಯಾರೆಂದು ನನಗೆ ಗೊತ್ತು, ಮಧು. ಕಾವ್ಯಳನ್ನು ಪೂರ್ತಿ ಬರಿಗೈ ಮಾಡಿ ಕುಣಿದೆ. ಅವಳು ಅಳುತ್ತಾ ಎದ್ದು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತಳು. ನೀನು ಒಬ್ಬನೇ ಸ್ವಲ್ಪ ಹೊತ್ತು ಆಡಿದೆ. ನಾನು ಹಿಂದೆ ಬೆಂಚಿನ ಮೇಲೆ ಕೂತು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದೆ.

ಕಣ್ಣು ಬಿಟ್ಟಾಗ ಇಬ್ಬರೂ ಅಕ್ಕಪಕ್ಕ ಕೂತಿದ್ದಿರಿ. ಸ್ವಿಚ್ಚು ಹಾಕಿತ್ತು. ಹಾಕಿದವರು ಯಾರೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಜಾಣರು ಯಾರು ಎಂದು ಕೇಳಿದ್ದಿರಲ್ಲ. ತಪ್ಪಿಸಿಕೊಳ್ಳಲಾಗದಂತೆ ಕೈ ಬಿಡಿಸಿ ಕೊಡುವುದನ್ನು ಒಬ್ಬರು ಮಾಡಿದರು. ಕೊಡುವುದನ್ನು ನಿಮಗೇ ಬಿಟ್ಟು ಇನ್ನೊಬ್ಬರು ಸುಮ್ಮನೆ ಕಾದರು. ನನ್ನ ಅತ್ತೆಗೆ ಯಾವ ಸ್ವಿಚ್ಚಿತ್ತು ಎಂದು ವಿಮಾನದಲ್ಲಿ ಯೋಚಿಸಿದ್ದೆನಲ್ಲ, ಅಂದು ಆ ಬೆಂಚಿನ ಮೇಲೆ ಕೂತಿದ್ದಾಗ ಗೊತ್ತಾಯಿತು. ಅವರಿಗೂ ಇತ್ತು. ನಿಮ್ಮ ತಾತ ಹೋದ ಆ ವರ್ಷ, ಆ ಮೂಲೆಯಲ್ಲಿ, ಅವರು ಅದನ್ನು ಆರಿಸಿಬಿಡಬಹುದಾಗಿತ್ತು.

ನೀವು ಒಪ್ಪುತ್ತೀರೋ ಇಲ್ಲವೋ, ಹೇಳಿ. ಸುಮ್ಮನೆ ಹೂಂಗುಟ್ಟಬೇಡಿ.